ನಾನು ಅಳಿಸಿದ ಮೂರು ಕಲ್ಲು

ಹಮಾಲ ನಿಂಗಪ್ಪ ಅಧ್ಯಕ್ಷರನ್ನು ಹೊಡೆಯಲಿಲ್ಲ. ಕಲ್ಲು ಬೀಳುತ್ತಿದ್ದ ಕಡೆಯಿಂದ ಅವರ ಕೊರಳಪಟ್ಟಿ ಹಿಡಿದು ಪಕ್ಕಕ್ಕೆ ಎಳೆದ. ಫೋಟೋದಲ್ಲಿ ಕಲ್ಲು ಕಾಣುವುದಿಲ್ಲ, ಯಾಕೆಂದರೆ ಅವುಗಳನ್ನು ಅಳಿಸಿದವಳು ನಾನು. ಆದದ್ದು ಇಷ್ಟೇ. ಉಳಿದದ್ದೆಲ್ಲ ಪತ್ರಿಕೆಯವರು, ಪೊಲೀಸರು ಮತ್ತು ಮಾಡಲು ಬೇರೆ ಕೆಲಸವಿಲ್ಲದವರು ಕಟ್ಟಿದ ಕಥೆ.

ಇಷ್ಟು ವರ್ಷದ ಮೇಲೆ ಆ ಫೋಟೋ ಮತ್ತೆ ಎದ್ದು ಬಂದಿದೆ. ಶಿಗ್ಗಾವಿಯಲ್ಲಿ ಮದುವೆ, ಬಸುರಿಯರ ಕುಬಸದ ಫೋಟೋ ತೆಗೆಯುವ ನನ್ನ ಮೊಮ್ಮಗಳು ಗೀತಾ ಹೋದ ತಿಂಗಳು ಮೊಬೈಲನ್ನು ನನ್ನ ಮೂಗಿಗೆ ಹಿಡಿದು, "ಆಯಿ, ಇದು ನಿಮ್ಮ ಸ್ಟುಡಿಯೋದ ಫೋಟೋ ಅಲ್ಲೇನು? ಕೆಳಗ ಹಾನಗಲ್ಲ ಅಂತ ಬರದೈತಿ ನೋಡು" ಎಂದಳು. ನೋಡಿದೆ. ಖಾಲಿ ಲಾರಿಯ ಮೇಲೆ ಬಿಳಿ ಅಂಗಿಯ ನಗರಸಭೆ ಅಧ್ಯಕ್ಷರು ಬಾಯಿ ತೆರೆದು, ಎರಡೂ ಕೈ ಎತ್ತಿ ನಿಂತಿದ್ದಾರೆ. ಅವರ ಹಿಂದೆ ಒಬ್ಬ ಹಮಾಲ; ಅವನ ಕೈ ಅವರ ಕೊರಳಿನಲ್ಲಿದೆ. ಹಿಂದೆಲ್ಲ ಬರೀ ಬೆಳ್ಳನೆಯ ಆಕಾಶ. ಯಾರೋ ಅದರ ಕೆಳಗೆ, ಪುಂಡನ ಕೈಗೆ ಸಿಕ್ಕರೂ ಜನರಿಗೆ ಶಾಂತಿ ಹೇಳಿದ ಮಹಾನುಭಾವರು ಎಂದು ಬರೆದಿದ್ದರು. ಅದರ ಕೆಳಗೆ ಉದ್ದಕ್ಕೂ ಕೈಮುಗಿದವರ ಸಾಲು.

"ಆಗಿನ ಕಾಲದಾಗ ಎಷ್ಟು ಕ್ಲೀನ್ ಮಾಡೀರಿ ಆಯಿ! ಒಂದು ಚುಕ್ಕಿ ಇಲ್ಲ ನೋಡು" ಎಂದಳು ಗೀತಾ.

ಆ ಮಾತಿಗೇ ನನಗೆ ಉರಿ ಹತ್ತಿತು. ಅದಕ್ಕೇ ಬರೆಯಲು ಕುಳಿತೆ. ಅವಳೂ, ಅವಳ ಜೊತೆ ಈ ಕೆಲಸಕ್ಕೆ ಇಳಿದಿರುವ ಹುಡುಗ ಹುಡುಗಿಯರೂ ನಿಮ್ಮ ಅನುಭವ ಹೇಳಿ ಎಂದು ಮೊದಲಿಂದ ಬೆನ್ನು ಹತ್ತಿದ್ದರು. ಅವರಿಗೆ ಬೇಕಾದದ್ದು ಸಿಹಿ ಮಾತು. ನನ್ನ ಹತ್ತಿರ ಅದಿಲ್ಲ. ನಾನು ಓದಿದ್ದು ನಾಲ್ಕನೇ ಇಯತ್ತೆ. ಕಾಗುಣಿತವನ್ನು ಗೀತಾ ತಿದ್ದಿದ್ದಾಳೆ. ಮಾತನ್ನು ತಿದ್ದಬೇಡ ಎಂದು ಹೇಳಿದ್ದೇನೆ. ಇದೆಲ್ಲ ನಡೆದ ಶಹರದ ಹೆಸರು, ಅಧ್ಯಕ್ಷರ ಹೆಸರು ಬರೆಯುವುದಿಲ್ಲ. ಅವರ ಮನೆಯವರು ಇನ್ನೂ ಇದ್ದಾರೆ, ಮತ್ತು ಬಾಗಿಲಿಗೆ ಬಂದವರ ಜೊತೆ ಜಗಳಾಡುವಷ್ಟು ಉಸಿರು ಈಗ ನನ್ನಲ್ಲಿಲ್ಲ.

ಮದುವೆಯಾಗಿ ಅಕ್ಕಿಆಲೂರಿಗೆ ಬಂದ ಮೇಲೆ ನಾನು ಅಕ್ಕಿ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುತ್ತಿದ್ದೆ. ಮಿಲ್ಲಿನ ಧೂಳಿಗೆ ಕೆಮ್ಮು ಹಿಡಿಯಿತು. ಆಗ ಹಾನಗಲ್ಲಿನ ಒಂದು ಫೋಟೋ ಸ್ಟುಡಿಯೋದಲ್ಲಿ ಕಸ ಹೊಡೆಯಲು, ಫೋಟೋ ತೊಳೆಯಲು ಹೆಣ್ಣಾಳು ಬೇಕೆಂದು ತಿಳಿದು ಅಲ್ಲಿ ಸೇರಿದೆ. ಮಾಲಕರ ಹೆಸರು ವಿರೂಪಾಕ್ಷಪ್ಪ. ಎತ್ತರದ ಆಳು, ಇಸ್ತ್ರಿ ಮಾಡಿದ ಧೋತರ, ಸಿಟ್ಟು ಮೂಗಿನ ತುದಿಯಲ್ಲಿ. ಅವರಿಗೆ ಕೆಲಸ ಚೆನ್ನಾಗಿ ಬರುತ್ತಿತ್ತು, ಕಲಿಸಲು ಬರುತ್ತಿರಲಿಲ್ಲ. ಒದರಲು ಬರುತ್ತಿತ್ತು. ಔಷಧದ ನೀರಿಗೆ ನನ್ನ ಉಗುರುಗಳು ಕಂದಾದವು. ಸಂತೆಯಲ್ಲಿ ಹೆಂಗಸರು, ಏನು ರೋಗ ಎಂದು ಕೇಳುತ್ತಿದ್ದರು.

ನೆಗೆಟಿವ್ ತಿದ್ದುವ ಮನುಷ್ಯ ಒಂದು ದಿನ ಹೇಳದೆ ಕೇಳದೆ ದಾವಣಗೆರೆಗೆ ಹೋದ. ಮದುವೆ ಸುಗ್ಗಿ. ಮಾಲಕರು ಪೆನ್ಸಿಲ್ಲನ್ನು ನನ್ನ ಕೈಗೆ ಕೊಟ್ಟರು.

"ನನಗ ಬರೂದಿಲ್ರಿ" ಎಂದೆ.

"ಅಕ್ಕ್ಯಾಗಿನ ಹಳ್ಳು ಕಾಣೂ ಕಣ್ಣಿಗೆ ಇದು ಕಾಣೂದಿಲ್ಲೇನು? ಕುಂದರು."

ಹೀಗೆ ನಾನು ತಿದ್ದುವವಳಾದೆ. ಇನ್ನೊಬ್ಬರ ಮುಖ ನೋಡುತ್ತ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಕುಳಿತೆ.

ಈಗಿನವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ನೆಗೆಟಿವ್‌ನಲ್ಲಿ ಎಲ್ಲ ಉಲ್ಟಾ. ಬಿಳಿ ಆಕಾಶ ಕರ್ರಗೆ ಕಾಣುತ್ತದೆ, ಕರಿ ಕೂದಲು ಗಾಜಿನಂತೆ ತಿಳಿಯಾಗಿ ಕಾಣುತ್ತದೆ. ಕಿಟಕಿಯ ಎದುರು ಓರೆ ಹಲಗೆ, ಅದರ ನಡುವೆ ಮಸುಕು ಗಾಜು, ಕೆಳಗೊಂದು ಕನ್ನಡಿ. ಕಿಟಕಿಯ ಬೆಳಕು ಕನ್ನಡಿಗೆ ಬಿದ್ದು ಗಾಜಿನ ಕೆಳಗಿಂದ ಮೇಲೆ ಬರುತ್ತದೆ. ಆ ಗಾಜಿನ ಮೇಲೆ ನೆಗೆಟಿವ್ ಇಟ್ಟು, ಸೂಜಿಯಂತೆ ಮಸೆದ ಪೆನ್ಸಿಲ್ಲಿನಿಂದ ತಿಳಿ ಚುಕ್ಕೆಗಳನ್ನು ತುಂಬಬೇಕು. ನೆಗೆಟಿವ್‌ನ ತಿಳಿ ಚುಕ್ಕೆ ಫೋಟೋದಲ್ಲಿ ಕರಿ ಕಲೆ. ತುಂಬಿದರೆ ಕಲೆ ಮಾಯ. ಮೊಡವೆ, ಸಿಡುಬಿನ ಕುಳಿ, ಕಣ್ಣ ಕೆಳಗಿನ ಕಪ್ಪು, ಎಲ್ಲಕ್ಕೂ ಅದೇ ಮದ್ದು. ಇನ್ನೊಂದು ಕಾಟ ಗಾಳಿಗುಳ್ಳೆ. ಫಿಲ್ಮನ್ನು ಔಷಧದಲ್ಲಿ ಮುಳುಗಿಸಿ ಡಬ್ಬಿಯನ್ನು ಸರಿಯಾಗಿ ತಟ್ಟದಿದ್ದರೆ ಗುಳ್ಳೆ ಅಂಟಿಕೊಳ್ಳುತ್ತದೆ. ಗುಳ್ಳೆ ಕುಳಿತಲ್ಲಿ ಔಷಧ ಹತ್ತುವುದಿಲ್ಲ, ತಿಳಿ ಚುಕ್ಕೆ ಉಳಿಯುತ್ತದೆ. ಅದನ್ನೂ ತುಂಬಬೇಕು. ಈ ಗುಳ್ಳೆಗಾಗಿ ನಾನು ತಿಂದಷ್ಟು ಬೈಗುಳವನ್ನು ನನ್ನ ಅತ್ತೆಯಿಂದಲೂ ತಿಂದಿಲ್ಲ.

ಕೈ ಪಳಗಿದ ಮೇಲೆ ಕೈಗೆ ಸೊಕ್ಕು ಬರುತ್ತದೆ. ದುಂಡಸಿಯಿಂದ ಒಬ್ಬ ಹುಡುಗಿಯನ್ನು ಗಂಡಿನವರಿಗೆ ತೋರಿಸುವ ಫೋಟೋಕ್ಕೆ ಕರೆತಂದಿದ್ದರು. ಎಡಗೆನ್ನೆಯ ಮೇಲೆ ಕಡಲೆಯಷ್ಟು ಮಚ್ಚೆ. ತೆಗೆ ಎಂದು ಯಾರೂ ಹೇಳಲಿಲ್ಲ. ನಾನೇ ತೆಗೆದೆ. ಗಂಡಿನವರು ಫೋಟೋ ಮೆಚ್ಚಿ ಬಂದರಂತೆ, ಹುಡುಗಿ ಚಹಾ ತಂದಿಟ್ಟಳಂತೆ. "ಈಕಿ ತಂಗೀ ಏನ್ರಿ? ಫೋಟೋದಾಕಿನ್ನ ಕರೀರಿ" ಎಂದರಂತೆ. ಮರುದಿನ ಹುಡುಗಿಯ ಅಪ್ಪ ಸ್ಟುಡಿಯೋಕ್ಕೆ ಬಂದ.

"ನನ್ನ ಮಗಳ ಮಚ್ಚಿ ಎಲ್ಲೈತಿ?"

"ಛಂದ ಕಾಣ್ಲಿ ಅಂತ ತಗದೇನ್ರಿ."

"ಛಂದ ಮಾಡು ಅಂತ ನಿನಗ ಯಾರ್ ಹೇಳಿದ್ರು? ನಮ್ಮವ್ವನ ಮಚ್ಚಿ ಅದು! ಆಕಿ ಸತ್ತ ವರ್ಷಾನ ಹುಟ್ಟೇತಿ ಈ ಕೂಸು. ನೀ ನಮ್ಮವ್ವನ್ನ ಅಳಿಸಿಬಿಟ್ಟಿ!"

ಮಾಲಕರು ಹೊಸ ಫೋಟೋ ತೆಗೆದುಕೊಟ್ಟರು. ಆ ಮೇಲೆ ನನ್ನನ್ನು ಬೈದರು. ಏನನ್ನು ಬಿಡಬೇಕು, ಏನನ್ನು ತೆಗೆಯಬೇಕು ಎಂದು ಮಾತ್ರ ಹೇಳಲಿಲ್ಲ. ಅದನ್ನು ಹೇಳುವವರು ಈ ಕೆಲಸದಲ್ಲಿ ನನಗೆ ಒಬ್ಬರೂ ಸಿಗಲಿಲ್ಲ.

ಸವಣೂರಿನ ಒಬ್ಬರು ತೀರಿಕೊಂಡ ತಂದೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ಹಾರ ಹಾಕಿ ತೆಗೆಸಿದ ಫೋಟೋ ತಂದರು. ಬದುಕಿದ್ದಾಗ ಒಂದು ಫೋಟೋ ತೆಗೆಸಿರಲಿಲ್ಲ. ಕಣ್ಣು ತೆರೆಸಿ ಕೊಡಿ ಎಂದರು. ಕುಂಚದಿಂದ ಎರಡು ಕಣ್ಣು ಬರೆದೆ. ಮಗ ಬಂದು ನೋಡಿ ಗಳಗಳ ಅತ್ತ. "ನಮ್ಮಪ್ಪ ನನ್ನ ಎಂದೂ ಹಿಂಗ ಪ್ರೀತಿಲೆ ನೋಡಿದ್ದಿಲ್ರಿ" ಎಂದ. ಅದು ನನಗೆ ಹೇಗೆ ಗೊತ್ತಿರಬೇಕು? ತೆರೆಸು ಎಂದರು, ತೆರೆಸಿದೆ. ಕಟ್ಟು ಹಾಕಿಸಿ ತೆಗೆದುಕೊಂಡು ಹೋದ.

ಮಾಲಕರು ಹುಬ್ಬಳ್ಳಿಯ ಒಂದು ಪತ್ರಿಕೆಗೂ ಫೋಟೋ ಕಳಿಸುತ್ತಿದ್ದರು. ಕಾಲುವೆ ಪೂಜೆ, ಮಂತ್ರಿಗಳ ಹಾರ, ಬಸ್ಸು ಬಿದ್ದದ್ದು. ತೆಗೆದ ದಿನವೇ ತೊಳೆದು, ಒಣಗಿಸಿ, ಪಾಕೀಟಿನಲ್ಲಿ ಹಾಕಿ ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡಬೇಕು. ಈಗ ನೀವು ಬಟನ್ ಒತ್ತುತ್ತೀರಿ, ಹೋಗುತ್ತದೆ. ಆಗ ಕಂಡಕ್ಟರ್ ಮರೆತರೆ ಮಂತ್ರಿಗಳ ಹಾರ ಎರಡು ದಿನ ಬಸ್ಸಿನಲ್ಲೇ ತಿರುಗುತ್ತಿತ್ತು.

ಒಮ್ಮೆ ಆ ಪತ್ರಿಕೆಯಿಂದ ಕಾಗದ ಬಂತು. ನಿಮ್ಮ ಫೋಟೋದಲ್ಲಿ ಚುಕ್ಕೆಗಳಿರುತ್ತವೆ, ಅಚ್ಚಿನಲ್ಲಿ ಹೊಲಸು ಕಾಣುತ್ತವೆ, ಇನ್ನು ಮುಂದೆ ಇಂಥವು ಬೇಡ ಎಂದು. ಮಾಲಕರು ಅದನ್ನು ಗಿರಾಕಿಗಳ ಎದುರು ಮೂರು ಸಲ ಓದಿದರು. ಆ ಮೇಲೆ ನನ್ನ ಹಲಗೆಯ ಎದುರಿನ ಗೋಡೆಗೆ ಮೊಳೆ ಹೊಡೆದು ಸಿಕ್ಕಿಸಿದರು. "ದಿನಾ ಓದು" ಎಂದರು. ನಾನು ದಿನಾ ಓದಿದೆ. ಓದಿ ಓದಿ ಚುಕ್ಕೆ ಎಂದರೆ ನನ್ನ ಮೈ ಉರಿಯುವಂತಾಯಿತು.

ಆ ಸಮಯಕ್ಕೇ ಶಹರದಲ್ಲಿ ಗಲಾಟೆ ಎದ್ದಿತು. ಕಾಯಿಪಲ್ಲೆ ಮಾರ್ಕೆಟ್ಟನ್ನು ಊರ ಹೊರಗೆ ಒಯ್ಯುತ್ತೇವೆಂದು ನಗರಸಭೆ ಠರಾವು ಮಾಡಿತ್ತು. ಅಂಗಡಿಯವರು, ಹಮಾಲರು, ಬುಟ್ಟಿ ಹೊರುವ ಹೆಂಗಸರು ಬೀದಿಗಿಳಿದರು. ಬಂದ್ ಮಾಡಿದರು, ಟೈರು ಸುಟ್ಟರು. ಮೂರನೇ ದಿನ ಅಧ್ಯಕ್ಷರು ತಾವೇ ಹೋಗಿ ಜನರನ್ನು ಸಮಾಧಾನ ಮಾಡುತ್ತೇನೆಂದು ಖಾಲಿ ಲಾರಿ ಹತ್ತಿದರು. ನಮ್ಮ ಮಾಲಕರು ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಲಾರಿಯ ಕೆಳಗೆ, ರಸ್ತೆಯಲ್ಲೇ ನಿಂತಿದ್ದರು.

ಮಧ್ಯಾಹ್ನ ಹಾಲಿನ ಗಾಡಿ ಹಿಡಿದು ಹಾನಗಲ್ಲಿಗೆ ಬಂದರು. ಮೊಣಕಾಲಿನ ಹತ್ತಿರ ಧೋತರಕ್ಕೆ ರಕ್ತ. ಕನ್ನಡಕದ ಒಂದು ಗಾಜು ಇರಲಿಲ್ಲ.

"ಏನಾತ್ರಿ ಮಾಲಕರ?"

"ಏನರ ಆಗವಲ್ದ್ಯಾಕ. ರೋಲ್ ಹಿಡಿ. ಕಡೀದೊಂದು ಛಲೋ ಬಂದಿರಬೇಕು. ನಾಕರ ಬಸ್ಸಿಗೆ ಹೋಗಬೇಕು ಅದು. ಚುಕ್ಕಿ ಗಿಕ್ಕಿ ಇದ್ರ ನಿನ್ನ ಮನೀಗೆ ಕಳಸ್ತೇನಿ ನೋಡು."

ಅಷ್ಟು ಹೇಳಿ ಡಾಕ್ಟರ ಕಡೆ ಕುಂಟುತ್ತ ಹೋದರು. ಕಲ್ಲು ಎಂಬ ಒಂದು ಶಬ್ದ ಅವರ ಬಾಯಿಂದ ಬರಲಿಲ್ಲ. ಬಂದಿದ್ದರೆ ನಾನು ಇವತ್ತು ಇದನ್ನು ಬರೆದು ಕಾಗದ ಕೆಡಿಸುತ್ತಿರಲಿಲ್ಲ.

ಫಿಲ್ಮ್ ತೊಳೆದೆ. ಅವಸರ. ಡಬ್ಬಿಯನ್ನು ಎರಡು ಸಲ ತಟ್ಟಿದೆನೋ ಮೂರು ಸಲವೋ ನೆನಪಿಲ್ಲ. ಕೊನೆಯ ನೆಗೆಟಿವ್ ನಿಜಕ್ಕೂ ಚೆನ್ನಾಗಿ ಬಂದಿತ್ತು. ಅಧ್ಯಕ್ಷರ ಮುಖ, ಅವರ ಹಿಂದಿನವನ ಮುಖ, ಎರಡೂ ಸ್ಪಷ್ಟ. ಆಕಾಶ ಇದ್ದಲ್ಲಿ ನೆಗೆಟಿವ್ ಕರ್ರಗಿತ್ತು. ಆ ಕಪ್ಪಿನಲ್ಲಿ ಎಳ್ಳಿನಷ್ಟು ದೊಡ್ಡವು ಮೂರು ತಿಳಿ ಚುಕ್ಕೆ. ಎರಡು ದುಂಡಗಿದ್ದವು. ಮೂರನೆಯದಕ್ಕೆ ಸಣ್ಣ ಬಾಲದಂಥದ್ದು ಇತ್ತು.

ಗುಳ್ಳೆ, ಅಂದುಕೊಂಡೆ. ನನ್ನದೇ ತಪ್ಪು, ಸರಿಯಾಗಿ ತಟ್ಟಿಲ್ಲ. ಎದುರಿಗೆ ಗೋಡೆಯ ಮೇಲೆ ಆ ಕಾಗದ. ಪೆನ್ಸಿಲ್ ಮಸೆದು ಮೊದಲನೆಯದನ್ನು ತುಂಬಿದೆ, ಎರಡನೆಯದನ್ನು ತುಂಬಿದೆ. ಬಾಲದ ಮೇಲೆ ಒಂದು ಗಳಿಗೆ ಕೈ ನಿಂತಿತು. ಗುಳ್ಳೆಗೆ ಬಾಲ ಇರುವುದಿಲ್ಲ. ಅಷ್ಟು ವರ್ಷದಲ್ಲಿ ಬಾಲದ ಗುಳ್ಳೆಯನ್ನು ನಾನು ನೋಡಿರಲಿಲ್ಲ. ಬಾಲ ಇದೆ ಎಂದರೆ ಅದು ಹಾರುತ್ತಿತ್ತು ಎಂದು. ನನ್ನ ಕಣ್ಣಿಗೆ ಅದು ಗೊತ್ತಾಯಿತು, ಕೈಗೆ ನಾಲ್ಕರ ಬಸ್ಸು ಬೇಕಾಗಿತ್ತು. ತುಂಬಿದೆ. ಆಕಾಶ ತೊಳೆದ ಹಾಗೆ ಆಯಿತು.

ಇದನ್ನು ನೀವು ಬರೆದಿಟ್ಟುಕೊಳ್ಳಿರಿ. ನಿಮ್ಮ ಮೊಬೈಲಿನಲ್ಲಿ ಬೇಡದ್ದರ ಮೇಲೆ ಬೆರಳು ಆಡಿಸಿದರೆ ಕಂಬ ಹೋಗುತ್ತದೆ, ತಂತಿ ಹೋಗುತ್ತದೆ, ಹಿಂದೆ ನಿಂತ ಮನುಷ್ಯನೂ ಹೋಗುತ್ತಾನೆ. ಏನು ಹೋಯಿತೆಂದು ನೀವು ತಿರುಗಿ ನೋಡುವುದಿಲ್ಲ. ಗೀತಾ ಮೊನ್ನೆ ಒಂದು ಮದುವೆ ಫೋಟೋದಲ್ಲಿ ಮದುಮಗನ ಸೋದರಮಾವನನ್ನೇ ಒರೆಸಿಬಿಟ್ಟಿದ್ದಳು. ಯಾಕೆಂದು ಕೇಳಿದರೆ, "ಅಡ್ಡ ಬಂದಿದ್ದ ಆಯಿ" ಎಂದಳು. ಅಡ್ಡ ಬಂದದ್ದು ಏನೆಂದು ಮೊದಲು ಕೇಳಿರಿ. ಆ ಮೇಲೆ ಒರೆಸಿರಿ.

ಮರುದಿನ ಪತ್ರಿಕೆಯ ಮೊದಲ ಪುಟದಲ್ಲಿ ನಮ್ಮ ಫೋಟೋ. ಕೆಳಗೆ ಸ್ಟುಡಿಯೋದ ಹೆಸರು. ಅಧ್ಯಕ್ಷರ ಮೇಲೆ ಗಲಭೆಕೋರನ ದಾಳಿ ಎಂದು ಪತ್ರಿಕೆಯವರೇ ಬರೆದುಕೊಂಡಿದ್ದರು. ನಾವು ಹಾಗೆ ಬರೆದು ಕಳಿಸಿರಲಿಲ್ಲ. ಮಾಲಕರು ಪತ್ರಿಕೆಯನ್ನು ಹಿಡಿದುಕೊಂಡು ಬಹಳ ಹೊತ್ತು ನಿಂತರು. ಬೈಯಲಿಲ್ಲ. ಹೊಗಳಲೂ ಇಲ್ಲ. ಕಣ್ಣು ನೋಯುತ್ತಿರಬೇಕು ಅಂದುಕೊಂಡೆ.

ನಾಲ್ಕು ದಿನದ ಮೇಲೆ ಅಧ್ಯಕ್ಷರೇ ಕಾರು ಮಾಡಿಕೊಂಡು ಬಂದರು. ಆ ಫೋಟೋ ದೊಡ್ಡದು ಮಾಡಿಕೊಡಬೇಕಂತೆ, ನಗರಸಭೆಯ ಸಭಾಗೃಹಕ್ಕೆ. ಕಿವಿಯ ಮೇಲೆ ಬಟ್ಟೆ ಪಟ್ಟಿ ಇತ್ತು. ನಾನು ಚಹಾ ಕೊಟ್ಟು, "ಕಿವಿಗೇನಾತ್ರಿ ಸಾಹೇಬರ?" ಎಂದು ಕೇಳಿದೆ.

"ಗದ್ದಲದಾಗ ಏನೋ ಹತ್ತಿತವಾ" ಎಂದರು. ಕೈ ಪಟ್ಟಿಯ ಮೇಲೆ ಹೋಗಿ ಬಂತು. "ಆ ಹಮಾಲ ಕೊರಳಿಗೆ ಕೈ ಹಾಕಿದ್ನಲ್ಲ. ನಾ ಹೆದರ್ಲಿಲ್ಲ ಬಿಡು. ಮುಖ ಒಂದೀಟು ಬೆಳ್ಳಗ ಮಾಡವಾ."

ಮುಖ ಒಂದಿಷ್ಟು ಬೆಳ್ಳಗೆ ಮಾಡಿದೆ.

ಎಂಟು ದಿನ ಆಗಿತ್ತು. ಹಿರೇಕೆರೂರಿನ ಕಡೆಯಿಂದ ಬರುವ ಬಸ್ಸಿನಿಂದ ಇಳಿದು ಒಬ್ಬ ಹೆಣ್ಣುಮಗಳು ನೇರ ಸ್ಟುಡಿಯೋಕ್ಕೆ ಬಂದಳು. ಮಡಿಚಿ ಮಡಿಚಿ ಹರಿದ ಪತ್ರಿಕೆ ಕೈಯಲ್ಲಿ. ಕುಂದರು ಎಂದರೂ ಕೂರಲಿಲ್ಲ. ಚಿಕ್ಕೇರೂರಿನವಳು, ಗಂಡನ ಜೊತೆ ಶಹರಕ್ಕೆ ದುಡಿಯಲು ಹೋದವಳು, ಹೆಸರು ಹೊಳೆಬಸವ್ವ. ಫೋಟೋದಲ್ಲಿನ ಹಮಾಲ ಅವಳ ಗಂಡ ನಿಂಗಪ್ಪ. ಫೋಟೋ ನೋಡಿಯೇ ಪೊಲೀಸರು ಅವನನ್ನು ಹಿಡಿದು ಒಳಗೆ ಹಾಕಿದ್ದರು. ಅಧ್ಯಕ್ಷರ ಕೊರಳು ಹಿಸುಕಲು ಹೋದ ಎಂದು ಕೇಸು. ಸಾಕ್ಷಿ ಅಂದರೆ ನಮ್ಮ ಫೋಟೋ.

"ಈ ಫೋಟೋ ತಗದವರು ಯಾರ್ರಿ?"

"ಮಾಲಕರು. ಊಟಕ್ಕ ಹೋಗ್ಯಾರ. ಯಾಕ?"

ಅವಳು ಪತ್ರಿಕೆಯನ್ನು ನನ್ನ ಹಲಗೆಯ ಮೇಲೆ ಹಾಸಿ, ಬೆಳ್ಳನೆಯ ಆಕಾಶದ ಮೇಲೆ ಬೆರಳಿಟ್ಟಳು.

"ಕಲ್ಲೆಲ್ಲಿ ಹೋದವು ಯಕ್ಕಾ?"

"ಯಾವ ಕಲ್ಲು?"

"ಯಾವ ಕಲ್ಲು ಅಂದ್ರ? ನಾನೂ ಅಲ್ಲೇ ಬುಟ್ಟಿ ಹೊತ್ಗೊಂಡು ನಿಂತಿದ್ದೆ. ಆ ಕಡೆಯಿಂದ ಒಂದಽ ಸವನ ಕಲ್ಲು ಬರಾಕತ್ತಿದ್ವು. ಲಾರಿ ಮ್ಯಾಲೂ ಬಿದ್ವು. ಇಳೀರಿ ಅಂತ ನನ್ನ ಗಂಡ ಒದರಿದ. ಈ ಮನಿಷಾ ಭಾಷಣ ಮುಗೀಲಿ ಅಂತ ನಿಂತೈತಿ! ಅದಕ್ಕ ಹತ್ತಿ ಕೊರಳಪಟ್ಟಿ ಹಿಡಿದು ಎಳದ. ಎಳಿಯೂದ್ರಾಗ ಒಂದು ಬಂದು ಅವರ ಕಿವೀಗೆ ಬಡೀತು. ಇವನ ಬೆನ್ನಿಗೂ ಬಿದ್ದಾವ ಎರಡು, ಇನ್ನೂ ಕಂದಿದಂಗ ಅದಾವ. ಫೋಟೋದಾಗ ಬರೀ ಕೊರಳು ಬಂದೈತಿ. ಕಲ್ಲು ಯಾಕ ಬಂದಿಲ್ಲ?"

ಆ ಬಾಲ ನನ್ನ ಕಣ್ಣ ಮುಂದೆ ಬಂದು ನಿಂತಿತು. ಅಳಲಿಲ್ಲ, ಎದೆ ಬಡಿದುಕೊಳ್ಳಲಿಲ್ಲ. ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟೆ.

"ಬಂದಿದ್ವು. ನಾ ತಗದೇನಿ" ಎಂದೆ.

ಅವಳಿಗೆ ತಿಳಿಯಲಿಲ್ಲ. "ತಗದೇನಿ ಅಂದ್ರ?"

ತೋರಿಸಿದೆ. ಪೆನ್ಸಿಲ್, ಗಾಜು, ಕನ್ನಡಿ, ಎಲ್ಲ. ಅವಳು ನನ್ನನ್ನು ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಒಳ್ಳೆಯದಿತ್ತು. "ಗುಳ್ಳಿ ಅಂತ ತಿಳದೆ" ಎಂದಾಗ ನನ್ನ ಮುಖ ನೋಡಿ, "ನಿನಗ ಕಲ್ಲಿಗೂ ಗುಳ್ಳೀಗೂ ಫರಕ್ ತಿಳೀವಲ್ದೇನ?" ಎಂದಳು. ಇಷ್ಟು ವರ್ಷದ ಕೆಲಸದಲ್ಲಿ ನನ್ನ ಬಗ್ಗೆ ಯಾರಾದರೂ ಆಡಿದ ಸರಿಯಾದ ಮಾತು ಅದೊಂದೇ.

ಮಾಲಕರು ಊಟ ಮುಗಿಸಿ ಎಲೆ ಅಡಿಕೆ ಹಾಕಿಕೊಂಡು ಬಂದರು. ಅವಳನ್ನು ಹೊರಗೆ ಬೆಂಚಿನ ಮೇಲೆ ಕೂರಿಸಿ ನಾನು ಕೇಳಿದೆ.

"ಮಾಲಕರ, ನೀವು ಅಲ್ಲೇ ಇದ್ರಿ. ಕಲ್ಲು ಬೀಳಾಕತ್ತಿದ್ದುವೇನ್ರಿ?"

"ಹೂಂ. ನನ್ನ ಕನ್ನಡಕ ಮತ್ತ ತಾನಽ ಒಡದಿತ್ತೇನು?"

"ಫೋಟೋದಾಗ ಅವು ಇಲ್ಲ."

"ನೋಡೇನಿ."

"ಯಾವಾಗ ನೋಡಿದ್ರಿ?"

"ಪೇಪರ್ ಬಂದ ದಿವ್ಸ."

"ಮತ್ತ ನನಗ್ಯಾಕ ಹೇಳ್ಲಿಲ್ರಿ? ಆ ಮನಿಷಾ ಅಂದಿನಿಂದ ಒಳಗ ಅದಾನು!"

ಮಾಲಕರು ಕಿಟಕಿಯ ಕಡೆ ತಿರುಗಿ ಉಗುಳಿ ಬಂದರು. "ಫೋಟೋ ಛಲೋ ಬಂದಿತ್ತು ಫಕ್ಕೀರವ್ವ. ಅಷ್ಟ್ ಛಲೋ ಫೋಟೋ ನಾ ಎಂದೂ ತಗದಿದ್ದಿಲ್ಲ."

ನನಗೆ ಬಂದ ಸಿಟ್ಟನ್ನು ಬರೆಯಲು ನನಗೆ ಬರುವ ನಾಲ್ಕನೇ ಇಯತ್ತೆಯ ಕನ್ನಡ ಸಾಲದು. ನಾನು ತಪ್ಪು ಮಾಡಿದ್ದೆ, ನಿಜ. ಕಲ್ಲು ಬಿದ್ದದ್ದನ್ನು ಕಾಣದೆ ಮಾಡಿದ್ದೆ. ಇವರು ಕಂಡು ಎಂಟು ದಿನ ಎಲೆ ಅಡಿಕೆ ಜಗಿದಿದ್ದರು.

"ಫೌಜದಾರರ ಮುಂದ ಹೋಗಿ ಹೇಳ್ರಿ" ಎಂದೆ.

"ಏನಂತ ಹೇಳ್ಲಿ? ನಮ್ಮ ಸ್ಟುಡಿಯೋದಾಗ ಫೋಟೋ ಸುಳ್ಳು ಮಾಡ್ತೀವಿ ಅಂತ ಹೇಳ್ಲ್ಯಾ? ನಾಳೆ ಯಾವ ಪೇಪರಿನವ ನಮ್ಮ ಫೋಟೋ ತಗೋತಾನು? ಯಾರ್ ತಮ್ಮ ಮಗಳ ಫೋಟೋ ತಗಸ್ತಾರು?" ಆ ಮೇಲೆ ದನಿ ಇಳಿಸಿದರು. "ಒಂದ್ ಕೆಲಸ ಮಾಡು. ಟರ್ಪಂಟೈನ್ ಹಚ್ಚಿ ನೆಗೆಟಿವ್ ಒರಸಿಬಿಡು. ಕಲ್ಲು ತಾವಽ ಬರ್ತಾವು. ಒಂದು ಪ್ರಿಂಟ್ ಮಾಡಿ ಆಕಿ ಕೈಯಾಗ ಕೊಡು. ಹಿಂದ ನಮ್ಮ ಶಿಕ್ಕಾ ಹೊಡೀಬ್ಯಾಡ. ಎಲ್ಲಿಂದ ಬಂತು ಅಂತ ಕೇಳಿದ್ರ ನಮ್ಮ ಹೆಸರು ಬ್ಯಾಡ."

ಇದು ಬುದ್ಧಿವಂತಿಕೆಯ ಮಾತು ಎಂದು ಅವರು ತಿಳಿದಿದ್ದರು. ನನಗೆ ಬಂದದ್ದು ಬೇರೆ ಯೋಚನೆ. ಸ್ಟುಡಿಯೋದ ಮುದ್ರೆ, ಶಿಕ್ಕಾ ಇಲ್ಲದ ಫೋಟೋದಲ್ಲಿ ಮೂರು ಕರಿ ಚುಕ್ಕೆ ಕಂಡರೆ ಪೊಲೀಸರು ಏನನ್ನುತ್ತಾರೆ? ಕಲ್ಲನ್ನು ಈಗ ಬರೆಸಿಕೊಂಡು ಬಂದಿದ್ದಾಳೆ ಎನ್ನುತ್ತಾರೆ. ಸತ್ತವರಿಗೆ ಕಣ್ಣು ಬರೆದವಳು ಕಲ್ಲು ಬರೆಯಲಾರಳೇ? ಇಲ್ಲಿ ಒರೆಸಿದರೆ ಕಲ್ಲು ಬರುತ್ತವೆ, ನಂಬುವವರು ಬರುವುದಿಲ್ಲ.

"ಒರಸೂದಿಲ್ಲ" ಎಂದೆ.

"ಒರಸೂದಿಲ್ಲ ಅಂದ್ರ ಆಕಿ ಗಂಡ ಒಳಗಽ ಇರ್ಲಿ ಅಂತಿ?"

"ಇಲ್ಲಿ ಒರಸೂದಿಲ್ಲ ಅಂದೆ."

ಮಾಲಕರಿಗೆ ಅರ್ಥವಾಯಿತು. "ನೆಗೆಟಿವ್ ನನ್ನದು. ಈ ಬಾಗಲ ದಾಟಿಸಿದ್ರ ನೀ ಮತ್ತ ಈ ಬಾಗಲ ತುಳೀಬ್ಯಾಡ" ಎಂದರು.

ನಂತರದ ಎರಡು ಮಾತನ್ನು ಇಲ್ಲಿಯೇ ಹೇಳಿ ಮುಗಿಸುತ್ತೇನೆ. ಆ ಬಾಗಿಲನ್ನು ನಾನು ಮುಂದೆಯೂ ಹತ್ತಾರು ವರ್ಷ ತುಳಿದೆ. ಮಾಲಕರು ಒಂದು ವರ್ಷ ನನ್ನ ಜೊತೆ ಮಾತಾಡಲಿಲ್ಲ. ಏನು ಬೇಕಿದ್ದರೂ ಗೋಡೆಗೆ ಹೇಳುತ್ತಿದ್ದರು, ನಾನು ಕೇಳಿಸಿಕೊಂಡು ಮಾಡುತ್ತಿದ್ದೆ. ತಿದ್ದಲು ಬೇರೆ ಕೈ ಅವರಿಗೆ ಸಿಗಲಿಲ್ಲ, ಅದಕ್ಕೆ ಇಟ್ಟುಕೊಂಡರು. ದೊಡ್ಡತನ ಅಂತ ಯಾರೂ ತಿಳಿಯಬೇಡಿ. ಪತ್ರಿಕೆಗೆ ಕಲ್ಲಿರುವ ಫೋಟೋವನ್ನು ನಾನೇ ಬಸ್ಸಿಗೆ ಕೊಟ್ಟು ಕಳಿಸಿದೆ. ಅವರು ಹಾಕಲಿಲ್ಲ. ಚುಕ್ಕೆ ಇದ್ದವಲ್ಲ. ಅದಕ್ಕೇ ಇವತ್ತಿಗೂ ಮೊಬೈಲಿನಲ್ಲಿ ತಿರುಗುವುದು ನಾನು ಕೆಡಿಸಿದ ಫೋಟೋವೇ. ಕಲರ್ ಬಂತು, ಲ್ಯಾಬ್ ಬಂತು, ಕಂಪ್ಯೂಟರ್ ಬಂತು, ನನ್ನ ಪೆನ್ಸಿಲ್ ಮೂಲೆ ಸೇರಿತು. ಆ ಸುಳ್ಳು ಫೋಟೋಕ್ಕೆ ಮಾತ್ರ ವಯಸ್ಸೇ ಆಗಲಿಲ್ಲ.

ಇನ್ನು ಮರುದಿನ ಬೆಳಗಿನ ಮಾತು.

ಹೊಳೆಬಸವ್ವ ಆ ರಾತ್ರಿ ನಮ್ಮ ಮನೆಯಲ್ಲೇ ಉಳಿದಿದ್ದಳು. ಕಸ ಹೊಡೆಯುವವಳಾದ್ದರಿಂದ ಸ್ಟುಡಿಯೋದ ಕೀಲಿ ನನ್ನ ಹತ್ತಿರವೇ ಇರುತ್ತಿತ್ತು. ಬೆಳಿಗ್ಗೆ ಮೊದಲ ಬಸ್ಸಿಗೆ ಹಾನಗಲ್ಲಿಗೆ ಬಂದೆವು. ಬಾಗಿಲು ತೆಗೆದು ದಿನದಂತೆ ಕಸ ಹೊಡೆದೆ. ನೆಗೆಟಿವ್, ಹತ್ತಿ, ಟರ್ಪಂಟೈನ್ ಬಾಟಲಿ, ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಮಾಲಕರ ದುರ್ಬೀನು ಚೀಲದಲ್ಲಿ ಹಾಕಿಕೊಂಡೆ. ಕೀಲಿಯನ್ನು ಪಕ್ಕದ ಚಹಾದಂಗಡಿಯಲ್ಲಿ ಕೊಟ್ಟು ಇಬ್ಬರೂ ಶಹರದ ಬಸ್ಸು ಹತ್ತಿದೆವು.

ಠಾಣೆಯಲ್ಲಿ ಫೌಜದಾರರು ತಲೆ ಎತ್ತದೆ, "ಏನವಾ?" ಎಂದರು.

"ಅಧ್ಯಕ್ಷರ ಫೋಟೋದ ಸಲುವಾಗಿ ಬಂದೇನ್ರಿ."

"ಫೋಟೋ ನಮ್ಮ ಕಡೆ ಐತಿ."

"ಫೋಟೋ ಅಲ್ರಿ, ಅದರ ತಾಯಿನ್ನ ತಂದೇನಿ."

ಆಗ ತಲೆ ಎತ್ತಿದರು. ಅವರು ಕಿಟಕಿಗೆ ಬೆನ್ನು ಮಾಡಿ ಕುಳಿತಿದ್ದರು. "ನೀವು ಕಿಟಕೀ ಕಡೆ ಎದ್ದು ಬರಬೇಕ್ರಿ, ಬೆಳಕು ಬೇಕು" ಎಂದೆ. ಒಬ್ಬ ಪೇದೆ ನಕ್ಕ. ಫೌಜದಾರರು ಏನು ತಿಳಿದರೋ, ಎದ್ದು ಬಂದರು. ನೆಗೆಟಿವನ್ನು ಕಿಟಕಿಯ ಗಾಜಿಗೆ ಹಿಡಿದು ದುರ್ಬೀನನ್ನು ಅವರ ಕೈಗೆ ಕೊಟ್ಟೆ.

"ಆಕಾಶ ಹೆಂಗೈತ್ರಿ?"

"ಕರ್ರಗ ಐತಿ."

"ತೂತು ಗೀತು ಅದಾವೇನ್ರಿ?"

"ಏನಿಲ್ಲ. ಯಾಕ?"

ಹತ್ತಿಗೆ ಟರ್ಪಂಟೈನ್ ಹಚ್ಚಿ, ಅವರ ಕಣ್ಣೆದುರೇ ಮೊದಲನೆಯ ಜಾಗದ ಮೇಲೆ ಮೆಲ್ಲಗೆ ಒರೆಸಿದೆ. ಹತ್ತಿಗೆ ಪೆನ್ಸಿಲ್ಲಿನ ಕಪ್ಪು ಬಂತು. "ಈಗ ನೋಡ್ರಿ" ಎಂದೆ. ನೋಡಿದರು. ಎರಡನೆಯದನ್ನು ಒರೆಸಿದೆ. ನಗುತ್ತಿದ್ದ ಪೇದೆ ಹತ್ತಿರ ಬಂದ. ಮೂರನೆಯದನ್ನು ಒರೆಸಿದಾಗ ಬಾಲ ಹೊರಗೆ ಬಂತು, ಅಧ್ಯಕ್ಷರ ಕಿವಿಯಿಂದ ಗೇಣು ದೂರ ಅನ್ನುವ ಹಾಗೆ. ಫೌಜದಾರರು ದುರ್ಬೀನು ಇಳಿಸಲಿಲ್ಲ.

"ಅದಽ ನೋಡ್ರಿ" ಎಂದಳು ಹೊಳೆಬಸವ್ವ. "ಅದಽ ಬಡದದ್ದು."

"ಯಾರ್ ಮುಚ್ಚಿದ್ರು ಇವನ್ನ?"

"ನಾನ ರೀ."

"ಯಾರ್ ಹೇಳಿ ಮುಚ್ಚಿಸಿದ್ರು?"

"ಯಾರೂ ಇಲ್ರಿ. ಗುಳ್ಳಿ ಅಂತ ತಿಳದೆ."

ಔಷಧಕ್ಕೆ ಕಂದಾದ ನನ್ನ ಉಗುರುಗಳನ್ನು ನೋಡಿದರು. ಆ ಮೇಲೆ ಪೇದೆಗೆ, "ಬರ್ಕೊ" ಎಂದರು. ಹೇಳಿದ್ದನ್ನೆಲ್ಲ ಅವನು ಬರೆದುಕೊಂಡ. ಓದಿ ಹೇಳಿದ. ನಿಂಗಪ್ಪನನ್ನು ಬಿಡುತ್ತೀರಾ ಎಂದು ಹೊಳೆಬಸವ್ವ ಕೇಳಿದಳು. "ಇಷ್ಟು ಬರದ ಮ್ಯಾಲೆ ಇನ್ನ ಯಾಕ ಇಟ್ಗೋತೀವಿ ತಂಗಿ, ಸಂಜೀತನ ಕುಂತಿರು" ಎಂದರು ಫೌಜದಾರರು.

ಕಾಗದವನ್ನು ನನ್ನ ಕಡೆ ತಿರುಗಿಸಿದರು. ಹೆಬ್ಬೆಟ್ಟಿನ ಮಸಿಯ ಡಬ್ಬಿ ಮುಂದೆ ಸರಿಸಿದರು. ಅದನ್ನು ಪಕ್ಕಕ್ಕಿಟ್ಟು ಪೆನ್ನು ಕೇಳಿ ತೆಗೆದುಕೊಂಡೆ. ಹೆಸರು ಬರೆದೆ. ಅದರ ಕೆಳಗೆ ಉದ್ಯೋಗ ಎಂಬ ಜಾಗ ಖಾಲಿ ಇತ್ತು. ನನ್ನ ಕೆಲಸಕ್ಕೆ ಮಾಲಕರು ಎಂದೂ ಒಂದು ಹೆಸರು ಇಟ್ಟಿರಲಿಲ್ಲ. ಅಲ್ಲಿ, ಒಂದೊಂದೇ ಅಕ್ಷರ ಕೂಡಿಸಿ, ಕಲ್ಲು ಅಳಿಸಿದವಳು ಎಂದು ಬರೆದೆ.